ಓದುಗರ ಪ್ರಶ್ನೆ: ಪಟ್ಟದಕಲ್ಲಿನ ಶಿಖರಗಳು

ಪ್ರಶ್ನೆ: ಬಾದಾಮಿ, ಪಟ್ಟದಕಲ್ಲು ಒಂದೇ ದಿನ ನೋಡಬೇಕು. ಪಟ್ಟದಕಲ್ಲಿನಲ್ಲಿ ನಾಗರ (ಉತ್ತರದ), ದ್ರಾವಿಡ (ದಕ್ಷಿಣದ) ಶೈಲಿಯ ಗುಡಿಗಳನ್ನು ಗುರುತಿಸುವುದು ಹೇಗೆ?
– ಓದುಗರು, ಇಳಕಲ್

ಉತ್ತರ: ನೀವು ಇಳಕಲ್ ಕಡೆಯಿಂದ ಬರುವುದರಿಂದ ಬೆಳಿಗ್ಗೆಯೇ ಪಟ್ಟದಕಲ್ಲಿಗೆ ಹೋಗಿ. ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಎಳೆಬಿಸಿಲಲ್ಲಿ ಮುಂಭಾಗದ ಕೆತ್ತನೆ ಚೆನ್ನಾಗಿ ಕಾಣುತ್ತದೆ. ತಡವಾದರೆ ನೆತ್ತಿಯ ಬಿಸಿಲಿಗೆ ಶಿಲ್ಪದ ಏರಿಳಿತವೇ ತಿಳಿಯದು.

ಶಿಖರ ನೋಡಿ. ಅಂಚುಗಳು ಬಾಗುತ್ತ ಒಳಗೆ ಸೇರಿ, ತುದಿಯಲ್ಲಿ ನೆಲ್ಲಿಕಾಯಿಯಂತೆ ಪಟ್ಟೆಪಟ್ಟೆಯಾದ ಚಪ್ಪಟೆ ಕಲ್ಲು ಕುಳಿತಿದ್ದರೆ ನಾಗರ. ಆ ಕಲ್ಲೇ ಆಮಲಕ. ಗಳಗನಾಥ ಗುಡಿಯಲ್ಲಿ ಇದು ಸ್ಪಷ್ಟ. ಅಂತಸ್ತಿನ ಮೇಲೆ ಅಂತಸ್ತು ಕಿರಿದಾಗುತ್ತ ಏರಿದರೆ ದ್ರಾವಿಡ: ಸಂಗಮೇಶ್ವರ, ವಿರೂಪಾಕ್ಷ. ಎಷ್ಟೋ ಗುಡಿಗಳಲ್ಲಿ ತುದಿ ಬಿದ್ದುಹೋಗಿರುವುದರಿಂದ ಆಮಲಕ ಒಂದನ್ನೇ ನಂಬಬೇಡಿ, ಅಂಚಿನ ಬಾಗು ನೋಡಿ. ಪಾಪನಾಥದಲ್ಲಿ ಎರಡೂ ಬೆರೆತಿವೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಒಳಗಂಬಗಳ ರಾಮಾಯಣ, ಮಹಾಭಾರತದ ಪಟ್ಟಿಕೆಗಳಿಗೆ ಸಮಯ ಕೊಡಿ, ಟಾರ್ಚ್ ಒಯ್ಯಿರಿ.

ಬಾದಾಮಿ ಸುಮಾರು 22 ಕಿ.ಮೀ. ಅಲ್ಲಿ 578ರ ಶಾಸನವಿರುವ ಮೂರನೇ ಗುಹೆಯನ್ನು ಬಿಡಲೇಬಾರದು. ತಿನಿಸಿನ ಚೀಲ ಕೈಯಲ್ಲಿ ಹಿಡಿಯಬೇಡಿ, ಮಂಗಗಳು ಕಸಿಯುತ್ತವೆ.