ಬೀಡಿ ಬಿಟ್ಟರೆ ಮಾತ್ರೆಯ ಲೆಕ್ಕ ಬದಲು

ಪ್ರಶ್ನೆ: ತಮ್ಮನಿಗೆ ಸ್ಕಿಜೋಫ್ರೇನಿಯಾ, ಕ್ಲೋಜಪಿನ್ ಮಾತ್ರೆ ನಡೆದಿದೆ. ದಿನಕ್ಕೆ 20 ಬೀಡಿ ಸೇದುತ್ತಾನೆ. ಬಿಡಿಸಿದರೆ ಕಾಯಿಲೆ ಕೆರಳುತ್ತದೆಯೇ? — ಓದುಗರು, ಶಿರಸಿ

ಉತ್ತರ: ಬೀಡಿ ಬಿಟ್ಟ ಮಾತ್ರಕ್ಕೆ ಕಾಯಿಲೆ ಕೆರಳುವುದಿಲ್ಲ. ಎಚ್ಚರ ಬೇಕಿರುವುದು ಮಾತ್ರೆಯ ವಿಷಯದಲ್ಲಿ. ಹೊಗೆಯಲ್ಲಿರುವ ಟಾರಿನ ಅಂಶಗಳು (ನಿಕೋಟಿನ್ ಅಲ್ಲ) ಯಕೃತ್ತಿನಲ್ಲಿ ಕ್ಲೋಜಪಿನ್ ಮತ್ತು ಇದೇ ಕಾಯಿಲೆಯ ಇನ್ನೊಂದು ಮಾತ್ರೆ ಒಲಾಂಜಪಿನ್‌ಗಳನ್ನು ಬೇಗ ಕರಗಿಸುತ್ತವೆ. ಹೊಗೆ ನಿಂತ ವಾರದೊಳಗೇ ಅದೇ ಡೋಸ್ ಹೆಚ್ಚಾಗಬಹುದು: ವಿಪರೀತ ನಿದ್ದೆ, ಜೊಲ್ಲು, ತಲೆಸುತ್ತು, ಮಲಬದ್ಧತೆ, ಕೆಲವೊಮ್ಮೆ ಫಿಟ್ಸ್. ಹಾಗಾಗಿ ಬಿಡುವ ದಿನ ಗೊತ್ತುಮಾಡುವ ಮೊದಲೇ ಮನೋವೈದ್ಯರಿಗೆ ತಿಳಿಸಿ. ಡೋಸ್ ಇಳಿಸುವುದು ಅವರ ಕೆಲಸ, ನಿಮ್ಮದಲ್ಲ. ಮತ್ತೆ ಸೇದಲು ಶುರುಮಾಡಿದರೂ ಹೇಳಿ.

ಬೀಡಿ ಬದಲು ಹೊಗೆಸೊಪ್ಪಿನ ಕವಳ ಹಾಕಿದರೂ ಹೊಗೆ ನಿಂತಂತೆಯೇ, ಡೋಸ್ ಹೆಚ್ಚಾಗುವುದು ತಪ್ಪುವುದಿಲ್ಲ, ಬಾಯಿ ಕ್ಯಾನ್ಸರಿನ ಭಯ ಬೇರೆ.

ಬೀಡಿಯ ಚಟ ಬಿಡಲು ನೆರವಾಗುವುದು ಅಗಿಯುವ ನಿಕೋಟಿನ್ ಗಮ್. ಎದ್ದ ಅರ್ಧ ಗಂಟೆಯೊಳಗೆ ಬೀಡಿ ಬೇಕೆನ್ನುವವರಿಗೆ ಸಾಮಾನ್ಯವಾಗಿ 4 ಮಿ.ಗ್ರಾಂ ನಿಕೋಟಿನ್ ಗಮ್, ಉಳಿದವರಿಗೆ 2 ಮಿ.ಗ್ರಾಂ. ಮೊದಮೊದಲು 1–2 ಗಂಟೆಗೊಂದು. ನಿಧಾನ ಅಗಿದು, ಚುರುಚುರು ಎಂದೊಡನೆ ಕೆನ್ನೆಯ ಸಂದಿಗೆ ಒತ್ತಿಡಬೇಕು. ಚುರುಕು ಆರಿದ ಮೇಲೆ ಮತ್ತೆ ಅಗಿಯಬೇಕು, ಹೀಗೆ ಅರ್ಧ ಗಂಟೆ. ಕವಳದಂತೆ ಬಿಡದೆ ಜಗಿದು ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು. ಗಮ್‌ಗೆ 15 ನಿಮಿಷ ಮುಂಚಿನಿಂದ ಮುರುಗಲು ಪಾನಕ, ಕಾಫಿ ಬೇಡ. ಹುಳಿಯಿದ್ದರೆ ನಿಕೋಟಿನ್ ಬಾಯಲ್ಲಿ ಹೀರಿಕೊಳ್ಳುವುದಿಲ್ಲ. ಕಾಫಿಯನ್ನಂತೂ ಅರ್ಧಕ್ಕಿಳಿಸಿ: ಹೊಗೆ ನಿಂತರೆ ಕೆಫೀನ್ ಕೂಡ ಮೈಯಲ್ಲಿ ಉಳಿಯುತ್ತದೆ, ಆ ಚಡಪಡಿಕೆಯನ್ನು ಕಾಯಿಲೆ ಮರುಕಳಿಸಿತೆಂದು ತಪ್ಪು ತಿಳಿಯುವುದುಂಟು.