ಹೋಲ್ಡ್‌ನಲ್ಲಿದ್ದ ಹಾಡು

ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆಯೂ ಇದೆ.

ನಾನು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಆಪ್ತಸಲಹೆಗಾರ್ತಿ. ಕಂಟ್ರಿ ಸಂಗೀತದ ತವರು ಇದು. ಹಾಡಿ ಹೆಸರು ಮಾಡಬೇಕು ಅಂತ ಎಲ್ಲೆಲ್ಲಿಂದಲೋ ಇಲ್ಲಿಗೆ ಬರುತ್ತಾರೆ. ಅವರಲ್ಲಿ ಕೆಲವರು ನನ್ನ ಬಳಿಗೂ ಬರುತ್ತಾರೆ.

ಹಾಗೆ ಬಂದ ಒಬ್ಬರ ಕಥೆ ಇದು. ಇವರಿಗೆ 43 ವರ್ಷ. ಕೆಂಟಕಿಯ ಕಲ್ಲಿದ್ದಲು ಸೀಮೆಯವರು. ತಾವೇ ಬರೆದು, ತಾವೇ ರಾಗ ಹಾಕಿ, ಗಿಟಾರ್ ಹಿಡಿದು ಹಾಡುವವರು. ಬೆನ್ನಿಗೆ ದೊಡ್ಡ ಕಂಪನಿ ಯಾವುದೂ ಇಲ್ಲ. ಕೂತ ಕೂಡಲೇ ಹೇಳಿದರು: "14 ತಿಂಗಳಿಂದ ಒಂದು ಹಾಡೂ ಬರೆದಿಲ್ಲ. ನಿದ್ದೆ ಬರ್ತಿಲ್ಲ. ನಾನು ಸೋತಿದ್ದೀನಾ, ಇಲ್ಲ ಇನ್ನೂ ಸ್ವಲ್ಪ ಕಾಯಬೇಕಾ? ಅಷ್ಟು ಹೇಳಿದರೆ ಸಾಕು."

24ನೇ ವಯಸ್ಸಲ್ಲಿ ಇಲ್ಲಿಗೆ ಬಂದವರು. ಮೊದಲು ಬ್ಲೂಬರ್ಡ್ ಕೆಫೆಯ ಸೋಮವಾರದ ಓಪನ್ ಮೈಕ್, ಅಂದರೆ ಹೊಸಬರೂ ವೇದಿಕೆ ಹತ್ತಿ ಹಾಡುವ ಕಾರ್ಯಕ್ರಮ. 90 ಜನ ಹಿಡಿಸುವಷ್ಟು ಪುಟ್ಟ ಜಾಗ ಅದು. ಆದರೆ ಅಲ್ಲಿ ಜನ ಮಾತು ನಿಲ್ಲಿಸಿ ಹಾಡು ಕೇಳುತ್ತಾರೆ. ಆಮೇಲೆ ಒಂದು ಪಬ್ಲಿಷಿಂಗ್ ಕಂಪನಿ ಕರೆಯಿತು. ಬರೆದವರಿಂದ ಹಾಡಿನ ಹಕ್ಕು ಪಡೆದು ಗಾಯಕರಿಗೆ ತಲುಪಿಸುವ ಕಂಪನಿ ಅದು. ತಿಂಗಳು ತಿಂಗಳು ದುಡ್ಡು ಬರುತ್ತಿತ್ತು. ಅದು ಸಂಬಳ ಅಲ್ಲ, ಮುಂಗಡ. ಮುಂದೆ ರಾಯಲ್ಟಿ, ಅಂದರೆ ಹಾಡಿನ ಬಳಕೆಗೆ ಸಿಗುವ ದುಡ್ಡು, ಬಂದಾಗ ಮುರಿದುಕೊಳ್ಳುತ್ತಾರೆ. ಅಮ್ಮನ ಮೇಲೆ ಬರೆದ ಒಂದು ಹಾಡು ಹೆಸರಾಂತ ಗಾಯಕರೊಬ್ಬರಿಗೆ ಹಿಡಿಸಿತು. ಹಾಡು 'ಹೋಲ್ಡ್'ಗೆ ಹೋಯಿತು. ಅಂದರೆ ಅವರು ತೀರ್ಮಾನ ಹೇಳುವ ತನಕ ಅದನ್ನು ಬೇರೆ ಯಾರಿಗೂ ಕೊಡುವಂತಿಲ್ಲ. 11 ತಿಂಗಳು ಕಾದರು. ಕೊನೆಗೆ ಆಲ್ಬಂ ಬಂತು, ಈ ಹಾಡು ಅದರಲ್ಲಿರಲಿಲ್ಲ. ಮಾರನೇ ವರ್ಷ ಕಂಪನಿಯೂ ಒಪ್ಪಂದ ಮುಂದುವರಿಸಲಿಲ್ಲ.

ಅಲ್ಲಿಂದ ಬ್ರಾಡ್‌ವೇ ಬೀದಿಯ ಬಾರುಗಳು. ಒಂದು ಸರದಿಗೆ 4 ಗಂಟೆ ಹಾಡು. ಹೆಚ್ಚಿನ ಸಂಪಾದನೆ ಬಕೆಟ್ಟಿಗೆ ಬೀಳುವ ಟಿಪ್ಸಿನಿಂದ. ಅಲ್ಲಿಗೆ ಬಂದವರು ಕೇಳೋದು ಗೊತ್ತಿರುವ ಹಾಡುಗಳನ್ನೇ, ಇವರ ಸ್ವಂತ ಹಾಡುಗಳನ್ನಲ್ಲ. ಗಂಟಲು ಕೆಟ್ಟಿತು. ಆಮೇಲೆ ಗೋದಾಮಿನಲ್ಲಿ ಕೆಲಸ, ಉಳಿಸಿದ ದುಡ್ಡಲ್ಲಿ ಎರಡು ಆಲ್ಬಂ. ಹಳೇ ವ್ಯಾನಿನಲ್ಲಿ ಊರೂರು ಸುತ್ತಿ, ಯಾರದೋ ಮನೆಯ ಹಜಾರದಲ್ಲಿ 30 ಜನಕ್ಕೆ ಹಾಡಿದ್ದೂ ಉಂಟು. ಅದನ್ನು ಹೇಳುವಾಗ ಮಾತ್ರ ಮುಖ ಅರಳಿತು.

ಎರಡನೇ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಧೈರ್ಯ ತುಂಬೋಣ ಅಂತ ಹೆಸರಾಂತ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಅವರ ಕಥೆ ಎತ್ತಿದೆ. ನ್ಯಾಶ್‌ವಿಲ್‌ನಲ್ಲಿ ಬೇರೆಯವರಿಗೆ ಹಾಡು ಬರೆದು ಗೆದ್ದರೂ, ನೆಲ್ಸನ್‌ಗೆ ಗಾಯಕರಾಗಿ ಬೇಕಾದಷ್ಟು ಹೆಸರು ಬರಲಿಲ್ಲ. 1972ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ಗೆ ಹೋದರು. 1975ರಲ್ಲಿ, 42ನೇ ವಯಸ್ಸಿಗೆ, ದೊಡ್ಡ ಗೆಲುವು ಸಿಕ್ಕಿತು. ಇವರು ತಲೆ ಬಗ್ಗಿಸಿ ಹೇಳಿದರು: "ಇಂಥ ಕಥೆಗಳೇ ನನ್ನನ್ನ 19 ವರ್ಷ ಇಲ್ಲಿ ಕೂರಿಸಿರೋದು." ನಾನು ಕ್ಷಮೆ ಕೇಳಿದೆ. ಕಾದು ಕಾದು ಸಾಕಾದವರಿಗೆ ಗೆದ್ದವರ ಕಥೆ ಹೇಳೋದು, ಇನ್ನಷ್ಟು ಕಾಯಿ ಅಂದ ಹಾಗೇ ಅಲ್ವಾ?

ಆಮೇಲೆ ಸುಮ್ನೆ ಕೇಳಿಸಿಕೊಂಡೆ. ಹಲ್ಲಿನ ಚಿಕಿತ್ಸೆ ಹೋಲ್ಡ್‌ನಲ್ಲಿದೆ ಅಂದರು. ಬಾಡಿಗೆ ಮನೆ ಬದಲಿಸೋದೂ ಹೋಲ್ಡ್. ಅಪ್ಪನನ್ನು ನೋಡಲು ಊರಿಗೆ ಹೋಗೋದೂ ಹೋಲ್ಡ್. ಒಂದು ಗಂಟೆಯಲ್ಲಿ ಐದು ಸಲ ಬಂತು ಆ ಮಾತು. ಎಣಿಸಿದ್ದನ್ನು ಅವರಿಗೆ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅತ್ತರು.

ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು. ಇಲ್ಲ ಅಂದರು. ಆದರೂ ಆತ್ಮಹತ್ಯೆ ತಡೆಯುವ ಇಲ್ಲಿನ ಸಹಾಯವಾಣಿ 988ರ ನಂಬರ್ ಬರೆದುಕೊಟ್ಟೆ. ಅಲ್ಲಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಅಥವಾ ಮೆಸೇಜ್ ಮಾಡಬಹುದು.

ನಿದ್ದೆ ಕೆಡಿಸುತ್ತಿದ್ದದ್ದು ಫೋನ್. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಂಡಿರದಿದ್ದರೆ ಅದರ ಧ್ವನಿಮುದ್ರಣಕ್ಕೆ ರಾಯಲ್ಟಿ ಇಲ್ಲ. ಇವರ ಕೆಲವು ಹಾಡುಗಳು ಆ ಗೆರೆಯ ಹತ್ತಿರವೇ ನಿಂತಿದ್ದವು. ನಿದ್ದೆಯ ನಡುವೆ ಎದ್ದು ಎಷ್ಟಾಯ್ತು ಅಂತ ನೋಡುತ್ತಿದ್ದರು. ಫೋನ್ ಅಡುಗೆಮನೆಯಲ್ಲಿಟ್ಟು ಮಲಗಿ, ಲೆಕ್ಕ ನೋಡೋದು ಶುಕ್ರವಾರ ಮಧ್ಯಾಹ್ನ ಮಾತ್ರ ಅಂದೆ. ಗಂಟಲನ್ನು ಮೊದಲು ಡಾಕ್ಟರಿಗೆ ತೋರಿಸಲು ಹೇಳಿದೆ. ಖರ್ಚಿಗೆ ಮ್ಯೂಸಿಕೇರ್ಸ್‌ಗೆ ಅರ್ಜಿ ಹಾಕಿಸಿದೆ. ಸಂಗೀತಗಾರರ ಕಷ್ಟಕ್ಕೆ ಅಂತಲೇ 1989ರಿಂದ ಇರುವ ಸಂಸ್ಥೆ ಅದು. ಇನ್ನೊಂದು ವಿಷಯವೂ ಗೊತ್ತಾಯಿತು. ಸ್ಟ್ರೀಮಿಂಗ್‌ನಿಂದ ಹಾಡು ಬರೆದವರಿಗೆ ಬರುವ 'ಮೆಕ್ಯಾನಿಕಲ್ ರಾಯಲ್ಟಿ' ಅನ್ನುವ ದುಡ್ಡನ್ನು 2021ರಿಂದ ಇಲ್ಲಿ ಮೆಕ್ಯಾನಿಕಲ್ ಲೈಸೆನ್ಸಿಂಗ್ ಕಲೆಕ್ಟಿವ್ ಅನ್ನುವ ಸಂಸ್ಥೆ ಹಂಚುತ್ತದೆ. ತಮ್ಮ ಎರಡೂ ಆಲ್ಬಂಗಳ ಹಾಡುಗಳನ್ನು ಇವರು ಅಲ್ಲಿ ನೋಂದಾಯಿಸಿಯೇ ಇರಲಿಲ್ಲ. ಜೊತೆಗೆ ಕೂತು ಅರ್ಜಿ ತುಂಬಿದೆವು. ಇದು ಸಲಹೆಗಾರ್ತಿಯ ಕೆಲಸವಾ ಅಂತ ಕೆಲವರು ಕೇಳುತ್ತಾರೆ. ಬಾಡಿಗೆಯ ಚಿಂತೆಯಲ್ಲಿರುವವರ ಜೊತೆ ಬರೀ ಮನಸ್ಸಿನ ಮಾತಾಡಿ ಕಳಿಸೋದು ನನ್ನಿಂದ ಆಗಲ್ಲ.

ಗೋದಾಮಿನ ಕೆಲಸ ಅಂದರೆ ಅವರಿಗೆ ನಾಚಿಕೆ. ಈ ಕೆಲಸ ಹಾಡಿನಿಂದ ಏನನ್ನು ಕಿತ್ತುಕೊಂಡಿದೆ ಅಂತ ಕೇಳಿದೆ. ಯೋಚಿಸಿ, ತಾವೇ ಹಾಡು ಬರೆದು ಹಾಡಿ ಹೆಸರಾದ ಜಾನ್ ಪ್ರೈನ್ ಅವರ ಮಾತನ್ನು ಅವರೇ ತೆಗೆದರು. ಪ್ರೈನ್ ಷಿಕಾಗೊ ಹತ್ತಿರ ಅಂಚೆಯವರಾಗಿದ್ದಾಗ ಟಪಾಲು ಹಂಚುತ್ತಲೇ ಹಾಡು ಕಟ್ಟುತ್ತಿದ್ದರಂತೆ. "ಅವರು ಗೆದ್ದದ್ದು ಬಿಡಿ. ನಡೆಯುವಾಗ ಹಾಡು ಬರುತ್ತಿತ್ತಲ್ಲ, ಅದು ಮುಖ್ಯ," ಅಂದರು. ರಾತ್ರಿ ಪಾಳಿ ಬಿಟ್ಟು ಹಗಲಿನ ಪಾಳಿ ಕೇಳಿಕೊಂಡರು. ಕೆಲಸಕ್ಕೆ ಹೋಗುವ ಮುಂಚೆ ವ್ಯಾನಿನಲ್ಲಿ 20 ನಿಮಿಷ ಬರೆಯಿರಿ, ರೆಕಾರ್ಡ್ ಮಾಡಬೇಡಿ, ಯಾರಿಗೂ ತೋರಿಸಬೇಡಿ, ಕೆಟ್ಟದಾಗಿದ್ದರೂ ಪರವಾಗಿಲ್ಲ ಅಂದೆ. ಮೂರು ವಾರ ಖಾಲಿ ಹಾಳೆ. ನಾಲ್ಕನೇ ವಾರ ಎರಡು ಸಾಲು ಬಂತು. ಸೋತಿರಾ ಇಲ್ಲವಾ ಅಂತ ನಾನು ಕೊನೆಗೂ ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಅಮ್ಮನ ಹಾಡಿನ ಹಳೇ ಒಪ್ಪಂದವನ್ನು ವಕೀಲರಿಗೆ ತೋರಿಸಿ ಅಂದಿದ್ದೆ. ಇಷ್ಟು ವರ್ಷದೊಳಗೆ ಯಾರೂ ರೆಕಾರ್ಡ್ ಮಾಡದಿದ್ದರೆ ಹಾಡಿನ ಹಕ್ಕನ್ನು ಕೇಳಿ ವಾಪಸ್ ಪಡೆಯಬಹುದು ಅನ್ನುವ ಷರತ್ತು ಅದರಲ್ಲಿತ್ತು. ಕೇಳಿದರು. ಕಂಪನಿಯ ಪತ್ರ ಬಂದ ದಿನ ಫೋನ್ ಮಾಡಿದ್ದರು. ಆ ಭಾನುವಾರವೇ ಊರಿಗೆ ಹೋಗಿ, ಅಪ್ಪನ ಅಡುಗೆಮನೆಯಲ್ಲಿ ಕೂತು ಅದನ್ನು ಹಾಡಿದರಂತೆ. ನಾನಿನ್ನೂ ಆ ಹಾಡು ಕೇಳಿಲ್ಲ.