ಶುಲ್ಕವೇ ಅನ್ಯಾಯದ್ದಾದರೆ ಟೆಲಿಕಾಂ ಕಂಪನಿ ತಪ್ಪಿಸಿಕೊಂಡದ್ದು ತಪ್ಪೇ?

ಸರ್ಕಾರಿ ಕಂಪನಿಯನ್ನು ಸಾಕಲು ಹಾಕಿದ ಶುಲ್ಕವನ್ನು ರಿಲಯನ್ಸ್ ಇನ್ಫೋಕಾಂ ಕಟ್ಟದಿದ್ದರೆ ಅದರಲ್ಲೇನು ತಪ್ಪು ಎಂದು ಕೇಳಿದ್ದೀರಿ. ಶುಲ್ಕದ ಮೇಲಿನ ನಿಮ್ಮ ಸಿಟ್ಟು ನನಗೂ ಇದೆ. ತಪ್ಪಿಸಿಕೊಂಡ ರೀತಿಯನ್ನು ಮಾತ್ರ ಒಪ್ಪಲಾರೆ.

ಹಳ್ಳಿಗಳ ಲ್ಯಾಂಡ್‌ಲೈನಿನಿಂದ ಬಿಎಸ್‌ಎನ್‌ಎಲ್‌ಗೆ ಆಗುತ್ತಿದ್ದ ನಷ್ಟ ತುಂಬಿಕೊಡಲೆಂದು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2003ರಲ್ಲಿ ಆಕ್ಸೆಸ್ ಡೆಫಿಸಿಟ್ ಚಾರ್ಜ್ (ಎಡಿಸಿ) ಎಂಬ ಈ ಶುಲ್ಕ ತಂದಿತು. ವಿದೇಶದಿಂದ ಬರುವ ಕರೆಗೆ ಇದರ ದರ ಸ್ಥಳೀಯ ಕರೆಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಕರೆ ಎಲ್ಲಿಂದ ಬಂತೆಂದು ಎಕ್ಸ್‌ಚೇಂಜಿಗೆ ತಿಳಿಯುವುದು ಅದರ ಜೊತೆ ಬರುವ ನಂಬರಿನಿಂದ. ದುಬೈ ನಂಬರ್ ಕಿತ್ತು ಊರಿನದೊಂದು ನಂಬರ್ ಕೂರಿಸಿದರೆ ಮುಗಿಯಿತು, ಬಿಲ್ಲು ಸ್ಥಳೀಯ ದರಕ್ಕಿಳಿಯುತ್ತದೆ. ರಿಲಯನ್ಸ್ ಇನ್ಫೋಕಾಂ ಹೀಗೆ ನಂಬರ್ ಬದಲಿಸಿದ್ದು 2004ರಲ್ಲಿ ಬಯಲಾಗಿ, ದೂರಸಂಪರ್ಕ ಇಲಾಖೆ ಕಂಪನಿಗೆ 150 ಕೋಟಿ ರೂಪಾಯಿ ದಂಡ ಹಾಕಿತು.

ದುಡ್ಡಿನ ಜಗಳ ಎರಡು ಕಂಪನಿಗಳ ನಡುವಿನದು. ಆದರೆ ಆ ನಂಬರ್ ಫೋನ್ ಎತ್ತುವವರಿಗೆ ಸೇರಿದ್ದು. ಕರೆ ಮಾಡಿದವರು ಯಾರೆಂದು ತಿಳಿಯಲು ಅವರಿಗಿರುವುದು ಅದೊಂದೇ. ಇವತ್ತಿನ ಸಿಮ್ ಬಾಕ್ಸ್ ದಂಧೆಯೂ ಇದನ್ನೇ ಮಾಡುತ್ತದೆ: ಇಂಟರ್ನೆಟ್ಟಿನಲ್ಲಿ ಬಂದ ವಿದೇಶಿ ಕರೆಯನ್ನು ಇಲ್ಲಿನ ಸಿಮ್ಮಿನಿಂದ ಹೊರಡಿಸುತ್ತದೆ. ಶುಲ್ಕ ಉಳಿಸಲು ತೆರೆದ ಆ ಕಳ್ಳದಾರಿಯಲ್ಲೇ ವಂಚಕರೂ ನಮ್ಮ ಮನೆಯವರಿಗೆ ಕರೆ ಮಾಡುತ್ತಾರೆ.

ಹಾಗೆಂದು ನಿಯಂತ್ರಕರು ಸರಿಯಾಗಿ ನಡೆದುಕೊಂಡರು ಎನ್ನಲಾರೆ. ಕರೆಯನ್ನು ಮನೆಗೆ ತಲುಪಿಸುವ ಕೆಲಸ, ತಂತಿ, ಯಂತ್ರ ಎಲ್ಲ ಒಂದೇ. ಕರೆ ಹುಟ್ಟಿದ ಜಾಗ ನೋಡಿ ದರ ಬದಲಿಸಿದರೆ ಆ ಅಂತರವೇ ಕಳ್ಳತನಕ್ಕೆ ಆಸೆ ಹುಟ್ಟಿಸುತ್ತದೆ. ಎಡಿಸಿ ಹೋಗಲು 2008 ಬರಬೇಕಾಯಿತು. ಆಮೇಲೂ ಪಾಠ ಕಲಿತಂತೆ ಕಾಣಲಿಲ್ಲ. ಕಂಪನಿಗಳು ಪರಸ್ಪರ ಕೊಡುವ ಕರೆ ಶುಲ್ಕವನ್ನು 2017ರ ಅಕ್ಟೋಬರ್‌ನಲ್ಲಿ 6 ಪೈಸೆಗೆ ಇಳಿಸಿ, 2020ರ ಜನವರಿ 1ರಿಂದ ಸೊನ್ನೆ ಎಂದಿದ್ದ ಟ್ರಾಯ್ ಕೊನೆಗಳಿಗೆಯಲ್ಲಿ ಒಂದು ವರ್ಷ ಮುಂದೂಡಿತು. ಅಷ್ಟರಲ್ಲಿ ಜಿಯೋ ಆ 6 ಪೈಸೆಯನ್ನು ಗ್ರಾಹಕರಿಂದಲೇ ಕೀಳತೊಡಗಿತ್ತು. ಕರೆ ಮಾಡಿದವರ ಕಂಪನಿ ದುಡ್ಡು ಕೊಡಬೇಕಾದ್ದರಿಂದ ರಿಂಗಿನ ಅವಧಿಗೂ ಕತ್ತರಿ ಬಿತ್ತು. ಬೇಗ ಮಿಸ್ಡ್ ಕಾಲ್ ಆದರೆ ಆ ಕಡೆಯವರು ವಾಪಸ್ ಮಾಡುತ್ತಾರೆ, ಶುಲ್ಕ ಅವರ ಕಂಪನಿಯ ತಲೆಗೆ! ಮೊಬೈಲ್ 30 ಸೆಕೆಂಡ್ ರಿಂಗಾಗಲೇಬೇಕೆಂದು ಟ್ರಾಯ್ ಆದೇಶಿಸಬೇಕಾಯಿತು.

ಶುಲ್ಕ ತಪ್ಪೆನಿಸಿದರೆ ಕಂಪನಿಗೆ ಟೆಲಿಕಾಂ ವ್ಯಾಜ್ಯಗಳ ನ್ಯಾಯಮಂಡಳಿ ಟಿಡಿಸ್ಯಾಟ್ ಇದೆ, ಸುಪ್ರೀಂ ಕೋರ್ಟ್ ಇದೆ, ವಾದಿಸಲು ದೊಡ್ಡ ವಕೀಲರಿದ್ದಾರೆ. ಆಕ್ಷೇಪ ದಾಖಲಿಸಿ, ದುಡ್ಡು ಕಟ್ಟಿ, ಗೆದ್ದರೆ ವಾಪಸ್ ಪಡೆಯಬಹುದಿತ್ತು. ನಂಬರ್ ಬದಲಾಯಿಸಿದ್ದು ಗೊತ್ತೇ ಆಗದ ಗ್ರಾಹಕರಿಗೆ ಇದ್ಯಾವ ದಾರಿಯೂ ಇರಲಿಲ್ಲ.